ಸೀಮೆ ಕತ್ತಿ

ಬೆಳ್ಯಪ್ಪ ಸಾಹುಕಾರರಿಗೆ ಇಂಗ್ಲೆಂಡಿನದು ಎಂದರೆ ತುಕ್ಕು ಕೂಡ ಪ್ರಸಾದ. ಎಸ್ಟೇಟು ಮಾರಿ ಹಡಗು ಹತ್ತಿದ ದೊರೆ ಬಿಟ್ಟುಹೋದ ಮುರುಕು ಛತ್ರಿ, ನಡೆಯದ ಗಡಿಯಾರ, ಬಾಯಿ ಒಡೆದ ಪಿಂಗಾಣಿ ಜಗ್ಗು, ಒಂಟಿ ಬೂಟು, ಎಲ್ಲವನ್ನೂ ಬಂಗಲೆಯ ಗಾಜಿನ ಬೀರುವಿನಲ್ಲಿ ಜೋಡಿಸಿಟ್ಟಿದ್ದರು. ಬಂದವರಿಗೆ ಕಾಫಿ ಕೊಡುವ ಮೊದಲು ಬೀರು ತೋರಿಸುತ್ತಿದ್ದರು. ಆ ಒಂಟಿ ಬೂಟಿನ ಮುಂದೆ ನಿಂತು ಹೊಲಿಗೆ ನೋಡಿ, ಹೊಲಿಗೆ ನೋಡಿ ಎಂದು ಅವರು ಹೇಳುವುದನ್ನು ಏಳು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ ಗೊತ್ತಿಲ್ಲ. ಪ್ರತಿ ಸಲವೂ ಅದನ್ನು ತೆಗೆದು ಹೊಳೆಗೆ ಎಸೆಯಬೇಕು ಅನಿಸುತ್ತಿತ್ತು. ಎಸೆಯಲಿಲ್ಲ. ತಲೆಯಾಡಿಸಿದೆ. ನಾನು ಅವರ ರೈಟರ್.

ರೈಟರ್ ಎಂದರೆ ಕತೆ ಬರೆಯುವವನಲ್ಲ. ಎಸ್ಟೇಟಿನಲ್ಲಿ ಆಳುಗಳ ಹಾಜರಿ ಹಾಕುವವನು, ಪೇಟೆಯಿಂದ ಸಾಮಾನು ತರುವವನು, ಸಾಹುಕಾರರು ಹೇಳಿದ್ದಕ್ಕೆ ಹೌದು ಎನ್ನುವವನು. ಹೆಸರು ದೇರಪ್ಪ. ಎಸ್ಟೇಟಿನ ಗೇಟಿನ ಬಳಿ ಎರಡು ಕೋಣೆಯ ಹೆಂಚಿನ ಮನೆ ಕೊಟ್ಟಿದ್ದರು. ಹೆಂಡತಿ ಸರೋಜ ಆ ಮನೆಯ ಹಿಂದೆ ಬಸಳೆ ಹಬ್ಬಿಸಿದ್ದಳು. ನಾನು ಮಾಡಿದ ಹೇಸಿಗೆ ಕೆಲಸಕ್ಕೆ ಕಾರಣ ಕೇಳಿದರೆ ಹೇಳಲು ನನ್ನ ಬಳಿ ಇರುವುದು ಇಷ್ಟೇ, ಆ ಎರಡು ಕೋಣೆ ಮತ್ತು ಬಸಳೆ ಚಪ್ಪರ.

ಐವತ್ತನಾಲ್ಕನೇ ಇಸವಿ. ಕೊಡಗು ಆಗ ತನ್ನದೇ ಒಂದು ರಾಜ್ಯ. ಮೈಸೂರಿಗೆ ಸೇರಿಸಬೇಕೋ ಬೇಡವೋ ಎಂದು ಚಹಾದಂಗಡಿಗಳಲ್ಲಿ ಜನ ಜಗಳಾಡುತ್ತಿದ್ದರು. ನಾಪೋಕ್ಲಿನಲ್ಲಿ ಸಭೆಯಾದರೆ ನಮ್ಮ ಸಾಹುಕಾರರು ಮೊದಲ ಸಾಲಿನಲ್ಲಿ ಇರುತ್ತಿದ್ದರು. ಎದ್ದು ನಿಂತು, ನಮ್ಮ ಮಣ್ಣು ನಮಗೆ, ನಮ್ಮ ಕೈಗೆ ಏನು ಕಡಿಮೆ ಎಂದು ಗಂಟಲು ಹರಿಯುವ ಹಾಗೆ ಮಾತನಾಡುತ್ತಿದ್ದರು. ಸಭೆ ಮುಗಿಸಿ ಕುಶಾಲಪ್ಪನ ಅಂಗಡಿಗೆ ಬಂದು, ಗಡ್ಡ ಹೆರೆಯುವ ಬ್ಲೇಡು ಇಂಗ್ಲೆಂಡಿನದು ಬಂತೇ ಎಂದು ಕೇಳುತ್ತಿದ್ದರು. ಬಂದಿಲ್ಲ ಎಂದರೆ ಎರಡು ದಿನ ಗಡ್ಡ ಹಾಗೆಯೇ ಬಿಡುತ್ತಿದ್ದರು. ನಮ್ಮ ಮಣ್ಣಿನ ಬಗ್ಗೆ ಭಾಷಣ ಮಾಡಿದ ಗಡ್ಡ ಅದು.

ಆ ವರ್ಷ ಮಕರ ಸಂಕ್ರಾಂತಿ ಕಳೆದ ಮೇಲೆ ಚೆನ್ನಯ್ಯ ಎಂಬ ಕಮ್ಮಾರ ನಾಪೋಕ್ಲಿಗೆ ಬಂದ. ಉತ್ತರದ ಕಡೆಯವನು, ಕೊಡ್ಲಿಪೇಟೆಯವನು. ಸಂತೆ ಮಾಳದ ಅಂಚಿನಲ್ಲಿ ನಾಲ್ಕು ಕಂಬ ನೆಟ್ಟು ಹುಲ್ಲು ಹೊದಿಸಿ ಕುಲುಮೆ ಹಾಕಿದ. ಅವನ ಹೆಂಡತಿ ಹೊನ್ನಮ್ಮ ತಿದಿ ಒತ್ತುತ್ತಿದ್ದಳು. ಗಂಡನಿಗಿಂತ ಅವಳ ಮಾತು ಚುರುಕು, ಕಣ್ಣು ಇನ್ನೂ ಚುರುಕು. ಯುದ್ಧ ಮುಗಿದ ಮೇಲೆ ಅಲ್ಲಲ್ಲಿ ಬಿದ್ದಿದ್ದ ಮಿಲಿಟರಿ ಲಾರಿಗಳ ಕಮಾನು ಪಟ್ಟಿ ಕೊಂಡು ತಂದು, ಅದನ್ನು ಕಾಯಿಸಿ ಬಡಿದು ಚೆನ್ನಯ್ಯ ಕೊಂಬೆ ಕಡಿಯುವ ತೋಟದ ಕತ್ತಿ ಮಾಡುತ್ತಿದ್ದ. ಅವನು ಹದ ಹಾಕುವುದನ್ನು ನಾನು ನಿಂತು ನೋಡಿದ್ದೇನೆ. ಅಲಗು ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ ಉಸಿರು ಕೂಡ ಬಿಡುತ್ತಿರಲಿಲ್ಲ, ಬಣ್ಣ ಬಂದ ಕೂಡಲೇ ನೀರಿಗೆ ಅದ್ದುತ್ತಿದ್ದ.

ಅವನಿಗೆ ಬೇಕಾಗಿದ್ದದ್ದು ಒಂದೇ. ಸಂತೆ ಮಾಳದಲ್ಲಿ ಬೆಂಕಿಯ ಕೆಲಸ ಬೇಡ, ಮಳೆಗಾಲದೊಳಗೆ ಜಾಗ ಖಾಲಿ ಮಾಡು ಎಂದು ಪಂಚಾಯಿತಿಯವರು ಹೇಳಿಬಿಟ್ಟಿದ್ದರು. ನಮ್ಮ ಎಸ್ಟೇಟಿನ ಗೇಟಿನ ಪಕ್ಕದಲ್ಲಿ ದೊರೆಯ ಕಾಲದ ಕುದುರೆ ಲಾಯವೊಂದು ಖಾಲಿ ಬಿದ್ದಿತ್ತು. ಗಟ್ಟಿ ಗೋಡೆ, ಮೇಲೆ ಹೆಂಚು, ಮುಂದೆ ರಸ್ತೆ. ಅದು ಸಿಕ್ಕಿದರೆ ಇಲ್ಲೇ ನಿಲ್ಲಬಹುದು, ಎಸ್ಟೇಟಿನ ಕತ್ತಿ ಗುದ್ದಲಿಗಳನ್ನೆಲ್ಲ ತಾನೇ ನೋಡಿಕೊಳ್ಳಬಹುದು ಎಂದು ಅವನ ಆಸೆ. ಸಿಗದಿದ್ದರೆ ನಮ್ಮ ಕಡೆಯ ಮಳೆಯಲ್ಲಿ ಹುಲ್ಲಿನ ಮಾಡಿನ ಕೆಳಗೆ ಕುಲುಮೆ ಒಂದು ದಿನವೂ ಉರಿಯುವುದಿಲ್ಲ.

ಕೇಳುವುದಕ್ಕೆಂದು ಅವನು ಬಂಗಲೆಗೆ ಬಂದ. ಬರಿಗೈಯಲ್ಲಿ ಬರಬಾರದೆಂದು ಹೊಸ ಕತ್ತಿಯೊಂದನ್ನು ಬಾಳೆ ಎಲೆಯಲ್ಲಿ ಸುತ್ತಿ ತಂದಿದ್ದ. ಸಾಹುಕಾರರು ಎಲೆ ಬಿಚ್ಚಲಿಲ್ಲ. ಜಗಲಿಯ ಆರಾಮ ಕುರ್ಚಿಯಿಂದಲೇ, ನಾಟಿ ಕತ್ತಿ ನಮ್ಮ ಎಸ್ಟೇಟಿಗೆ ಆಗುವುದಿಲ್ಲ, ನಾವು ಸೀಮೆಯದು ಮಾತ್ರ ಉಪಯೋಗಿಸುವುದು ಎಂದರು. ಚೆನ್ನಯ್ಯನಿಗೆ ಅರ್ಥವಾಗಲಿಲ್ಲ. ಇದೂ ಸೀಮೆಯದೇ ಎಂದು ಹೇಳಲು ಬಾಯಿ ತೆರೆದ. ಅಷ್ಟರಲ್ಲಿ ಇವರು ಪೇಪರು ಬಿಡಿಸಿ ಮುಖಕ್ಕೆ ಹಿಡಿದಾಗಿತ್ತು. ಅವನು ಎಲೆಯ ಕಟ್ಟನ್ನು ಎತ್ತಿಕೊಂಡು ಮೆಟ್ಟಿಲಿಳಿದು ಹೋದ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ನಮ್ಮ ಕಡೆ ನಾಡು ಎನ್ನುತ್ತೇವೆ, ಪಾಡಿನಾಲ್ಕುನಾಡು, ಕಿಗ್ಗಟ್ಟುನಾಡು ಹೀಗೆ. ಉತ್ತರದಲ್ಲಿ ಕೊಡ್ಲಿಪೇಟೆ, ಶನಿವಾರಸಂತೆ ಕಡೆಗೆ ಏಳುಸಾವಿರ ಸೀಮೆ ಎಂದು ಹೆಸರು. ಅಲ್ಲಿಯವರು ನಮ್ಮ ಸೀಮೆ ಎಂದರೆ ತಮ್ಮೂರು, ತಮ್ಮ ನೆಲ. ನಮಗೆ ಸೀಮೆ ಎಂದರೆ ಸೀಮೆಎಣ್ಣೆ, ಸೀಮೆಸುಣ್ಣ, ಒಟ್ಟಿನಲ್ಲಿ ಹಡಗಿನಲ್ಲಿ ಬಂದದ್ದು. ಒಂದೇ ಜಿಲ್ಲೆಯಷ್ಟು ದೊಡ್ಡ ರಾಜ್ಯ. ಅದರ ಒಂದು ತುದಿಯಲ್ಲಿ ಸ್ವಂತದ್ದು ಎನ್ನುವ ಮಾತು ಇನ್ನೊಂದು ತುದಿಯಲ್ಲಿ ಪರದೇಶದ್ದು.

ಚೆನ್ನಯ್ಯ ಕತ್ತಿಗಳನ್ನು ಕುಶಾಲಪ್ಪನ ಅಂಗಡಿಗೆ ಹಾಕಿದ. ಇದೆಂಥ ಕತ್ತಿ ಎಂದು ಕುಶಾಲಪ್ಪ ಕೇಳಿದ್ದಕ್ಕೆ ಸೀಮೆ ಕತ್ತಿ ಎಂದು ಹೇಳಿ ಹೋದ. ಕುಶಾಲಪ್ಪ ಮುಂದೆ ಕೇಳಲಿಲ್ಲ. ಕೇಳಿದರೆ ಎಲ್ಲಿ ಬೇರೆ ಉತ್ತರ ಬರುತ್ತದೋ ಎನ್ನುವ ಜಾತಿಯ ವ್ಯಾಪಾರಿ ಅವನು. ಸೀಮೆಸುಣ್ಣದಲ್ಲೇ ಹಲಗೆಯ ಮೇಲೆ 'ಸೀಮೆ ಕತ್ತಿ ಬಂದಿದೆ' ಎಂದು ದೊಡ್ಡದಾಗಿ ಬರೆದು ಬಾಗಿಲಿಗೆ ತೂಗುಹಾಕಿದ. ಮಾರನೆಯ ದಿನವೇ ಸಾಹುಕಾರರು ನನ್ನನ್ನು ಓಡಿಸಿದರು. ಒಂದು ಡಜನ್ ತಂದೆ.

ತಂದಾಗಲೇ ನನಗೆ ಸಂಶಯ ಬಂದಿತ್ತು. ಹಿಡಿ ಕಾಫಿ ಗಿಡದ ಕಾಂಡದ್ದು. ಇಂಗ್ಲೆಂಡಿನಲ್ಲಿ ಕಾಫಿ ತೋಟ ಎಲ್ಲಿಂದ ಬಂತು? ಸಾಹುಕಾರರು ಹಿಡಿ ನೋಡಲಿಲ್ಲ. ಅಲಗಿನ ಬುಡದಲ್ಲಿ ಒತ್ತಿದ್ದ ಗುರುತನ್ನು ದೊರೆಯ ಭೂತಗನ್ನಡಿಯಲ್ಲಿ ಹಿಡಿದು ನೋಡಿದರು. ಕೆಳಗೆ ಒಂದು ಬಾಗಿದ ಗೆರೆ, ಅದರ ಮೇಲೆ ಮೂರು ಗುಂಡು ಚುಕ್ಕಿ. ಕಿರೀಟ ಎಂದರು. ರಾಣಿಯ ಕಿರೀಟ. ಕಣ್ಣಲ್ಲಿ ನೀರು ಬಂದಿತ್ತು, ನಾನು ಸುಳ್ಳು ಹೇಳುತ್ತಿಲ್ಲ.

ಮುಂದಿನ ಸಂತೆಯ ದಿನ ಕುಲುಮೆಯ ಬಳಿ ಹೋದೆ. ಚೆನ್ನಯ್ಯ ಒಂದು ಕತ್ತಿಯ ಬುಡಕ್ಕೆ ಉಳಿಯಿಟ್ಟು ಅದೇ ಗೆರೆ, ಅದೇ ಮೂರು ಚುಕ್ಕಿ ಒತ್ತುತ್ತಿದ್ದ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅದು ಕಿರೀಟವಲ್ಲ, ಒಲೆ ಎಂದು ಹೊನ್ನಮ್ಮ ಹೇಳಿದಳು. ಗಂಡನಿಗೆ ಅಕ್ಷರ ಬಾರದು, ಹೆಸರು ಕೆತ್ತಲು ಆಗುವುದಿಲ್ಲ. ಏನಾದರೊಂದು ಗುರುತು ಬೇಕಲ್ಲ ಎಂದು ಇವಳೇ ನೆಲದ ಮೇಲೆ ಗೀರಿ ತೋರಿಸಿದ್ದಳಂತೆ, ಮೂರು ಕಲ್ಲಿನ ಒಲೆ. ಊರೂರು ಅಲೆಯುವವರಿಗೆ ಎಲ್ಲಿ ಮೂರು ಕಲ್ಲು ಕೂಡುತ್ತದೋ ಅದೇ ಮನೆ ಎಂದು ಅವಳ ಲೆಕ್ಕ. ಸಾಹುಕಾರರು ಅದನ್ನು ನೋಡಿ ಕಣ್ಣೀರು ತಂದುಕೊಂಡ ಕತೆ ಹೇಳಿದೆ. ಗಂಡ ಹೆಂಡತಿ ಇಬ್ಬರೂ ನಕ್ಕರು.

ಮೊದಲು ನಗು ನಿಲ್ಲಿಸಿದವಳು ಹೊನ್ನಮ್ಮ. ನಿಜ ಹೇಳಿಬಿಡಿ, ಕತ್ತಿ ಮೆಚ್ಚಿದ್ದಾರಲ್ಲ, ಲಾಯ ಕೊಡುತ್ತಾರೆ ಎಂದಳು. ಈಗ ಬೇಡ ಎಂದು ನಾನು ಹೇಳಿದೆ. ಬೇಸಿಗೆಯ ಮರಗಸಿ ಮುಗಿಯಲಿ, ಕತ್ತಿ ಎಷ್ಟು ಗಟ್ಟಿ ಎಂದು ಅವರಿಗೇ ಗೊತ್ತಾಗಲಿ, ಆಮೇಲೆ ನಾನೇ ಮುಂದೆ ನಿಂತು ಹೇಳುತ್ತೇನೆ ಎಂದೆ. ಮಾತು ಕೊಟ್ಟೆ ಎನ್ನಿ. ನಿಜವಾಗಿ ನನಗೆ ಆ ಗುಟ್ಟು ಇಟ್ಟುಕೊಳ್ಳುವುದರಲ್ಲಿ ಮಜಾ ಬಂದಿತ್ತು. ದಿನವೂ ಬಂಗಲೆಗೆ ಹೋಗಿ, ಕಿರೀಟದ ಕತ್ತಿ ಎಂದು ಅವರು ಕುಣಿಯುವುದನ್ನು ನೋಡಿ, ಮನೆಗೆ ಬಂದು ಸರೋಜಳ ಹತ್ತಿರ ಹೇಳಿ ನಗುತ್ತಿದ್ದೆ. ಬೇರೆಯವರ ಬದುಕು ನನ್ನ ಕೈಯಲ್ಲಿ ತಮಾಷೆಯ ಸಾಮಾನಾಗಿತ್ತು.

ಮೇ ತಿಂಗಳಲ್ಲಿ ಮರಗಸಿ ಶುರುವಾಯಿತು. ಮಳೆಗೆ ಮುಂಚೆ ತೋಟದ ನೆರಳು ಮರಗಳ ಕೊಂಬೆ ಇಳಿಸಬೇಕು. ಮರ ಹತ್ತುವವರಲ್ಲಿ ಪಾಪ ಎಂಬವನು ಎಲ್ಲರಿಗಿಂತ ಹಳಬ. ಮೂವತ್ತು ವರ್ಷದಿಂದ ಕತ್ತಿಯನ್ನು ಸೊಂಟದ ಹಿಂದೆ ಸಿಕ್ಕಿಸಿಕೊಂಡು ಅತ್ತಿ ಮರ, ನಂದಿ ಮರ ಹತ್ತಿದವನು. ಹದ ಕೆಟ್ಟ ಕತ್ತಿ ಮೇಲೆ ಮುರಿದರೆ ಅಲಗು ಮೊದಲು ಬೀಳುವುದು ಅವನ ಕಾಲ ಮೇಲೆ. ದೊರೆಯ ಕಾಲದ ಅಸಲು ಇಂಗ್ಲೆಂಡಿನ ಕತ್ತಿಯೊಂದು ಹಾಗೆ ಮುರಿದು ಅವನ ಎಡಗಾಲಿನ ಎರಡು ಬೆರಳು ಹೋಗಿದ್ದವು. ಬೀರುವಿನಲ್ಲಿ ಅದರ ತುಂಡೂ ಇತ್ತು. ಈ ಸಲದ ಹನ್ನೆರಡು ಕತ್ತಿಗಳಲ್ಲಿ ಒಂದೂ ಮುಕ್ಕಾಗಲಿಲ್ಲ, ಒಂದೂ ಬಾಗಲಿಲ್ಲ.

ಸಾಹುಕಾರರ ಖುಷಿ ಮೇರೆ ಮೀರಿತು. ಹುದಿಕೇರಿ ಕಡೆಯ ದೊಡ್ಡ ಪ್ಲಾಂಟರ್ ಪದ್ಮಯ್ಯನವರನ್ನು ಮತ್ತು ಇನ್ನೂ ಮೂರು ನಾಲ್ಕು ಜನರನ್ನು ಊಟಕ್ಕೆ ಕರೆದರು. ಕೋಳಿ ಸಾರು, ಕಡುಬು, ಎಲ್ಲ ಆಯಿತು. ಬೀರು ತೋರಿಸಿ ಆಯಿತು, ಬೂಟಿನ ಹೊಲಿಗೆಯೂ ಆಯಿತು. ಆಮೇಲೆ ಜಗಲಿಯ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಒಂದು ಕತ್ತಿ ಇಟ್ಟರು. ಚೆನ್ನಯ್ಯನನ್ನೂ ಕರೆಸು ಎಂದು ನನಗೆ ಬೆಳಗ್ಗೆಯೇ ಹೇಳಿದ್ದರು. ನಾಟಿ ಕಮ್ಮಾರನಿಗೆ ಸೀಮೆ ಕೆಲಸ ಎಂದರೇನು ಎಂದು ನಾಲ್ಕು ಜನರ ಎದುರಿಗೆ ತೋರಿಸಬೇಕು ಎಂದು ಅವರ ಮನಸ್ಸಿನಲ್ಲಿ ಇತ್ತು. ನಾನು ಇದೇ ಸರಿಯಾದ ಸಮಯ ಎಂದುಕೊಂಡು ಗಂಡ ಹೆಂಡತಿ ಇಬ್ಬರನ್ನೂ ಬರಲು ಹೇಳಿದ್ದೆ. ಹೊನ್ನಮ್ಮ ತೊಳೆದ ಸೀರೆ ಉಟ್ಟುಕೊಂಡು ಬಂದಿದ್ದಳು.

ಇಬ್ಬರೂ ಮೆಟ್ಟಿಲ ಕೆಳಗೆ ನಿಂತರು. ಸಾಹುಕಾರರು ಕತ್ತಿಯನ್ನು ಬಟ್ಟೆ ಸಮೇತ ಎತ್ತಿ ಚೆನ್ನಯ್ಯನ ಕೈಗೆ ಕೊಟ್ಟರು.

"ಇದ್ನ ನೋಡಿ ಕಲಿ ಮಾರಾಯ. ಹಿಂಗಿದ್ದದ್ ಒಂದು ಮಾಡಿ ತಕೊಂಡ್ ಬಾ, ಕುದುರೆ ಲಾಯ ನಿಂಗೆ ಕೊಡ್ತೇನೆ. ಇವರೆಲ್ಲ ಸಾಕ್ಷಿ."

ಚೆನ್ನಯ್ಯ ತನ್ನ ಕತ್ತಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಅವನ ಮುಖದಲ್ಲಿ ಬಂದ ಸಂತೋಷವನ್ನು ನಾನು ಮರೆತಿಲ್ಲ. ಬಡಪಾಯಿ, ಲಾಯ ಸಿಕ್ಕಿಯೇಬಿಟ್ಟಿತು ಎಂದುಕೊಂಡ.

"ಇದು ಸೀಮೆ ಕತ್ತಿನೇ ಸೋಮಿ. ನಮ್ಮ ಸೀಮೇದು, ಏಳುಸಾವ್ರ ಸೀಮೇದು. ನಾನೇ ಬಡ್ದಿದ್ದು."

ಪದ್ಮಯ್ಯನವರು ಮೊದಲು ನಕ್ಕರು. ಅವರ ಹಿಂದೆ ಉಳಿದವರೂ ನಕ್ಕರು. ಅದು ಕೆಟ್ಟ ನಗುವೇನೂ ಆಗಿರಲಿಲ್ಲ. ಆ ನಗುವಿನ ಜೊತೆ ಸಾಹುಕಾರರೂ ನಕ್ಕುಬಿಟ್ಟಿದ್ದರೆ ಎಲ್ಲ ಅಲ್ಲೇ ಮುಗಿದುಹೋಗುತ್ತಿತ್ತು. ಆದರೆ ಅವರ ಕಿವಿ ಕೆಂಪಾಯಿತು. ಚೆನ್ನಯ್ಯ ತನ್ನ ಚೀಲದಿಂದ ಇನ್ನೊಂದು ಕತ್ತಿ ತೆಗೆದು ಮೇಜಿನ ಮೇಲೆ ಇಟ್ಟ. ಅದೇ ಬಾಗು, ಅದೇ ತೂಕ, ಅದೇ ಗುರುತು. ಅಂಗಳದ ಅಂಚಿನಲ್ಲಿ ಸೌದೆ ಒಡೆಯುತ್ತಿದ್ದ ಪಾಪನನ್ನು ಪದ್ಮಯ್ಯನವರು ಕರೆದು ಎರಡನ್ನೂ ಅವನ ಕೈಗೆ ಕೊಟ್ಟರು. ಪಾಪ ಬೇಲಿಯ ಹಾಲುವಾಣದ ಕೊಂಬೆಗೆ ಒಂದರಿಂದ ಒಂದು ಏಟು, ಇನ್ನೊಂದರಿಂದ ಒಂದು ಏಟು ಹಾಕಿದ. ಹೆಬ್ಬೆರಳಿನಿಂದ ಅಲಗು ಸವರಿದ. ಎರಡೂ ಒಂದೇ ಕೈಯದು ಎಂದು ಹೇಳಿ, ಇಟ್ಟು, ಸೌದೆ ಒಡೆಯಲು ಹೋದ. ಅವನಿಗೆ ಇದೊಂದು ಮಾತಾಡುವ ವಿಷಯವೇ ಆಗಿರಲಿಲ್ಲ.

ಅವನಿಗೇನು ಗೊತ್ತು ಮರ ಹತ್ತುವವನಿಗೆ ಎಂದರು ಸಾಹುಕಾರರು. ಉಕ್ಕು ಎಲ್ಲಿಯದು ಎಂದು ಚೆನ್ನಯ್ಯನನ್ನು ಕೇಳಿದರು. ಮಿಲಿಟರಿ ಲಾರಿಯ ಪಟ್ಟಿ ಎಂದು ಅವನು ಹೇಳಿದ. ಹಾಗಾದರೆ ಲಾರಿ ಇಂಗ್ಲೆಂಡಿನದು, ಉಕ್ಕು ಇಂಗ್ಲೆಂಡಿನದು ಎಂದು ಇವರು ಮೇಜು ಗುದ್ದಿದರು. ಚೆನ್ನಯ್ಯ ನಿಧಾನವಾಗಿ, ಉಕ್ಕು ಎಲ್ಲಿಂದಾದರೂ ಬಂದಿರಬಹುದು, ಬಡಿದ ಕೈ ಇದು ಎಂದು ಅಂಗೈ ತೋರಿಸಿದ. ಆ ಅಂಗೈಯ ಸುಟ್ಟ ಕಲೆಗಳನ್ನು ಎಲ್ಲರೂ ನೋಡಿದರು. ಅಷ್ಟು ಸಾಕಾಗಿತ್ತು. ಮನುಷ್ಯನಾದವನಿಗೆ ಅಷ್ಟು ಸಾಕಾಗಬೇಕಿತ್ತು.

ಸಾಹುಕಾರರು ನನ್ನ ಕಡೆ ತಿರುಗಿದರು. ಅಂಗಡಿಯಿಂದ ತಂದವನು ನಾನು, ಇಂಗ್ಲಿಷ್ ಓದಿದವನು ನಾನು, ನನ್ನ ಮಾತಿಗೆ ಅಲ್ಲಿ ಬೆಲೆಯಿತ್ತು. ಭೂತಗನ್ನಡಿಯನ್ನೂ ಕತ್ತಿಯನ್ನೂ ನನ್ನ ಮುಂದೆ ಹಿಡಿದರು.

"ದೇರಪ್ಪ, ನೀ ಓದಿದವ. ಸರಿಯಾಗಿ ನೋಡಿ ಹೇಳ್. ಇದ್ ಕಿರೀಟ ತಾನೆ?"

ಗಾಜಿನ ಹಿಂದೆ ಅವರ ಕಣ್ಣು ದೊಡ್ಡದಾಗಿ ಕಾಣುತ್ತಿತ್ತು. ಆ ಕಣ್ಣಿನಲ್ಲಿ ಗದರಿಕೆ ಇರಲಿಲ್ಲ. ಬೇಡಿಕೆ ಇತ್ತು. ತನ್ನ ಮರ್ಯಾದೆ ಉಳಿಸು ಎಂಬ ಬೇಡಿಕೆ. ಗದರಿಸಿದ್ದರೆ ನಾನು ಬಹುಶಃ ನಿಜ ಹೇಳುತ್ತಿದ್ದೆ ಎಂದು ಇವತ್ತಿಗೂ ನನಗೆ ನಾನೇ ಸಮಾಧಾನ ಹೇಳಿಕೊಳ್ಳುತ್ತೇನೆ. ಅದೂ ಸುಳ್ಳು. ಮೆಟ್ಟಿಲ ಕೆಳಗಿನಿಂದ ಹೊನ್ನಮ್ಮ ಮೆಲ್ಲಗೆ ಹೇಳಿದಳು.

"ರೈಟ್ರಪ್ಪ, ನಮ್ಮ ಒಲೆ ನಿಮಗೆ ಗೊತ್ತದಲ್ಲ."

ನನಗೆ ನನ್ನ ಒಲೆ ನೆನಪಾಯಿತು. ಎರಡು ಕೋಣೆಯ ಮನೆಯ ಒಲೆ. ಸರೋಜ ಅಲ್ಲಿ ಅನ್ನಕ್ಕೆ ಇಟ್ಟಿರುತ್ತಾಳೆ ಎಂದು ನೆನಪಾಯಿತು.

"ಹೌದು ಸಾವ್ಕಾರ್ರೆ," ಎಂದೆ. "ಕಿರೀಟನೇ."

ಆಮೇಲೆ ನಡೆದದ್ದು ಹೇಳಲು ಅಸಹ್ಯ. ಹಾಗಾದರೆ ಇವನ ಕತ್ತಿಯ ಮೇಲೆ ಕಿರೀಟ ಹೇಗೆ ಬಂತು ಎಂದು ಸಾಹುಕಾರರು ಎದ್ದು ನಿಂತರು. ರಾಣಿಯ ಮುದ್ರೆಯನ್ನು ಕದ್ದು ಒತ್ತಿದ್ದಾನೆ, ನಕಲಿ ಮಾಲು ಮಾಡುವ ಕಳ್ಳ, ಪೊಲೀಸಿಗೆ ಕೊಡುತ್ತೇನೆ ಎಂದರು. ಇಂಗ್ಲಿಷರ ಆಳ್ವಿಕೆ ಮುಗಿದು ಏಳು ವರ್ಷವಾಗಿತ್ತು. ಮಡಿಕೇರಿಯಲ್ಲಿ ನಮ್ಮವರೇ ಮಂತ್ರಿಗಳಾಗಿ ಕೂತಿದ್ದರು. ಆದರೂ ನಾಪೋಕ್ಲಿನ ಒಂದು ಜಗಲಿಯಲ್ಲಿ, ಮೂರು ಕಲ್ಲಿನ ಒಲೆಯ ಚಿತ್ರ ಕೆತ್ತಿದ ತಪ್ಪಿಗೆ ಒಬ್ಬ ಕಮ್ಮಾರ ಇಂಗ್ಲೆಂಡಿನ ರಾಣಿಗೆ ಮೋಸ ಮಾಡಿದವನಾದ. ಪದ್ಮಯ್ಯನವರು ಬಾಯಿ ಒರೆಸಿಕೊಂಡು ಕೈ ತೊಳೆಯಲು ಒಳಗೆ ಹೋದರು. ಅವರು ದೊಡ್ಡ ಮನುಷ್ಯರು, ಇಂಥದ್ದರಲ್ಲಿ ತಲೆ ಹಾಕುವುದಿಲ್ಲ.

ಚೆನ್ನಯ್ಯ ಜಗಳಾಡಲಿಲ್ಲ. ನನ್ನ ಕಡೆ ನೋಡಲೂ ಇಲ್ಲ. ತನ್ನ ಕತ್ತಿಯನ್ನು ಚೀಲಕ್ಕೆ ಹಾಕಿಕೊಂಡ. ನೋಡಿದವಳು ಹೊನ್ನಮ್ಮ. ಬಾಯಲ್ಲಿದ್ದ ವೀಳ್ಯವನ್ನು ಅಂಗಳದಲ್ಲೇ ಉಗಿದಳು, ಗಂಡನ ಹಿಂದೆ ನಡೆದಳು. ಆ ಕಲೆ ತೊಳೆಯಲು ಸಾಹುಕಾರರು ನನಗೇ ಹೇಳಿದರು. ಕೊಡದಲ್ಲಿ ನೀರು ತಂದು ತೊಳೆದೆ.

ಮನೆಗೆ ಹೋಗಿ ಸರೋಜಳಿಗೆ ಹೇಳಿದೆ. ಇಷ್ಟು ದಿನ ನನ್ನ ಜೊತೆ ನಕ್ಕವಳು ಆ ದಿನ ನಗಲಿಲ್ಲ. ಅನ್ನ ಬಡಿಸಿಟ್ಟು ಬಸಳೆ ಚಪ್ಪರದ ಕಡೆ ಹೋದಳು. ನಾನು ಒಬ್ಬನೇ ಕೂತು ಉಂಡೆ. ಸೇರಲಿಲ್ಲ ಎಂದು ಹೇಳಿದರೆ ಕೇಳುವುದಕ್ಕೆ ಚೆನ್ನಾಗಿರುತ್ತದೆ. ಆದರೆ ಸೇರಿತು, ಎರಡನೆಯ ಸಲ ಸಾರನ್ನೂ ಹಾಕಿಕೊಂಡೆ.

ಮೊದಲ ಮಳೆಯ ದಿನ ಸಂತೆ ಮಾಳದ ಕಡೆ ಹೋದೆ. ಏಕೆ ಹೋದೆ ಎಂದು ಗೊತ್ತಿಲ್ಲ, ಕ್ಷಮೆ ಕೇಳುವ ಗಂಡಸುತನ ನನ್ನಲ್ಲಿ ಇರಲಿಲ್ಲ. ನಾಲ್ಕು ಕಂಬ ಕಿತ್ತು ಗಾಡಿಗೆ ಹಾಕಿಯಾಗಿತ್ತು. ತಿದಿಯ ಮೇಲೆ ಗೋಣಿ ಹೊದಿಸಿದ್ದರು. ಹೊನ್ನಮ್ಮ ಅಡುಗೆಯ ಮೂರು ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಗಾಡಿಗೆ ಇಡುತ್ತಿದ್ದಳು. ಕಲ್ಲು ಎಲ್ಲಿಯೂ ಸಿಗುತ್ತದೆ, ಅದನ್ನೇಕೆ ಹೊರುತ್ತೀರಿ ಎಂದು ಏನೋ ಮಾತಾಡಬೇಕಲ್ಲ ಎಂದು ಕೇಳಿದೆ. ಅವಳು ಮೂರನೆಯ ಕಲ್ಲನ್ನು ಎತ್ತಿದಳು.

ಆ ಮಳೆಗಾಲದಲ್ಲಿ ಕುದುರೆ ಲಾಯದ ಮಾಡು ಕುಸಿಯಿತು. ಒಳಗೆ ಹಾವು ಸೇರಿಕೊಂಡಿತು. ಯಾರಿಗೂ ಬೇಡವಾದ ಜಾಗ ಅದು, ಮೊದಲಿನಿಂದಲೂ.

ಸಾಹುಕಾರರು ಮಾತ್ರ ಗೆದ್ದವರ ಹಾಗೆ ಓಡಾಡಿದರು. ನನ್ನನ್ನು ಮೊದಲಿಗಿಂತ ಹೆಚ್ಚು ಮರ್ಯಾದೆಯಿಂದ ನೋಡಿಕೊಂಡರು. ಮನೆಗೆ ಹೊಸ ಹೆಂಚು ಹಾಕಿಸಿಕೊಟ್ಟರು. ಆದರೆ ಒಳಗೊಳಗೇ ಅವರಿಗೂ ಒಂದು ಮುಳ್ಳು ಚುಚ್ಚಿತ್ತು. ಮುಂದಿನ ಜನವರಿಯಲ್ಲಿ, ಹಳೆಯ ಕತ್ತಿಗಳು ಸಾಣೆ ಹಿಡಿದು ಹಿಡಿದು ಸವೆದಾಗ, ನನ್ನನ್ನು ಕರೆದು ಅಂಥದ್ದೇ ಇನ್ನೊಂದು ಡಜನ್ ಬೇಕು ಎಂದರು. ಈ ಸಲ ಬರೀ ಕಿರೀಟ ಸಾಲದು, ಕಿರೀಟವನ್ನು ಯಾರೂ ಕದಿಯಬಹುದು. ಇಂಗ್ಲೆಂಡಿನಲ್ಲಿ ತಯಾರಾದದ್ದು ಎಂದು ಅಲಗಿನ ಮೇಲೆ ಇಂಗ್ಲಿಷ್ ಅಕ್ಷರ ಇರಬೇಕು, ಇಲ್ಲದಿದ್ದರೆ ತರಬೇಡ ಎಂದರು.

ಕುಶಾಲಪ್ಪನ ಅಂಗಡಿಯಲ್ಲಿ ಇರಲಿಲ್ಲ. ಬೆಳ್ಯಪ್ಪನವರ ಜಗಲಿಯ ಕತೆ ಹರಡಿದ ಮೇಲೆ ಎಲ್ಲ ಎಸ್ಟೇಟಿನವರೂ ಹೀಗೆಯೇ ಅಕ್ಷರ ಕೇಳುತ್ತಿದ್ದಾರೆ, ಅಕ್ಷರ ಇದ್ದರೆ ಎಷ್ಟಾದರೂ ಕೊಳ್ಳುತ್ತೇನೆ ಎಂದು ಚೆನ್ನಯ್ಯನಿಗೆ ಹೇಳಿ ಕಳಿಸಿದ್ದೇನೆ ಎಂದ ಕುಶಾಲಪ್ಪ. ಬೇಗ ಬೇಕಾದರೆ ನೀವೇ ಹೋಗಿ ತನ್ನಿ ಎಂದೂ ಹೇಳಿದ. ಮುಖದಲ್ಲಿ ಸ್ವಲ್ಪವೂ ನಾಚಿಕೆ ಇರಲಿಲ್ಲ. ಇದ್ದಿದ್ದರೆ ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಬಸ್ಸಿನಲ್ಲಿ ಮಡಿಕೇರಿಗೆ ಹೋಗಿ, ಅಲ್ಲಿಂದ ಸೋಮವಾರಪೇಟೆ, ಅಲ್ಲಿಂದ ಕೊಡ್ಲಿಪೇಟೆ. ಊರ ಹೊರಗೆ ಕೆರೆಯ ಏರಿಯ ಕೆಳಗೆ ಒಂದು ಸೋಗೆಯ ಮಾಡಿನಿಂದ ಸುತ್ತಿಗೆಯ ಸದ್ದು ಬರುತ್ತಿತ್ತು. ಚೆನ್ನಯ್ಯ ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟ. ಬೈಯುತ್ತಾನೆ ಎಂದು ಕಾದೆ. ಬೈಯಲಿಲ್ಲ. ಬಂದಿರಾ, ಒಳ್ಳೆಯ ಹೊತ್ತಿಗೆ ಬಂದಿರಿ ಎಂದು ಕೂರಲು ಮರದ ತುಂಡು ಸರಿಸಿದ. ಅವನ ಧ್ವನಿಯಲ್ಲಿ ಸಿಟ್ಟು ಹುಡುಕಿದೆ. ಸಿಗಲಿಲ್ಲ. ಕೊಳ್ಳುವವರ ಹತ್ತಿರ ಮಾತಾಡುವ ಹಾಗೆ ಮಾತಾಡಿದ.

ಹನ್ನೆರಡು ಕತ್ತಿ ಸಿದ್ಧವಾಗಿದ್ದವು. ಅದೇ ಬಾಗು, ಅದೇ ತೂಕ. ಬುಡ ಮಾತ್ರ ನುಣ್ಣಗೆ ಖಾಲಿಯಿತ್ತು. ಒಲೆಯ ಗುರುತು ಎಲ್ಲಿ ಎಂದು ಕೇಳಿದೆ. ಅದನ್ನು ಬಿಟ್ಟುಬಿಟ್ಟೆವು ಎಂದ. ಕೋಣೆಯ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಹೊಸ ಅಚ್ಚು ತಂದ. ಹಾಸನದಲ್ಲಿ ಯಾರೋ ರಬ್ಬರ್ ಸ್ಟಾಂಪಿನವನ ಹತ್ತಿರ ಅಕ್ಷರ ಬರೆಸಿಕೊಂಡು ಬಂದು, ಅದನ್ನು ನೋಡಿ ನೋಡಿ ಒಂದು ತಿಂಗಳು ಕೂತು ಉಕ್ಕಿನಲ್ಲಿ ತಾನೇ ಕೆತ್ತಿದ್ದನಂತೆ. ಸೀಸದ ತುಂಡಿನ ಮೇಲೆ ಒಮ್ಮೆ ಒತ್ತಿ ನನ್ನ ಕೈಗೆ ಕೊಟ್ಟ. ಅಕ್ಷರ ಓದಲು ಬಾರದವನು ಮಾಡಿದ ಕೆಲಸ ಅದು ಎಂದು ಯಾರೂ ಹೇಳಲಾರರು. ಒಂದೊಂದು ಗೆರೆಯೂ ಚೂಪಾಗಿ, ನೇರವಾಗಿ ನಿಂತಿತ್ತು.

"ಸರಿ ಅದಾ ನೋಡಿ ರೈಟ್ರೆ. ನೀವು ಓದ್ದೋರು."

ಇಂಗ್ಲೆಂಡಿನಲ್ಲಿ ತಯಾರಾದದ್ದು ಎಂದು ಇಂಗ್ಲಿಷಿನಲ್ಲಿ ಇತ್ತು. ಇಂಗ್ಲೆಂಡ್ ಎಂಬಲ್ಲಿ ಕೊನೆಯ ಅಕ್ಷರಕ್ಕೆ ಮೊದಲು ಬರಬೇಕಾದ ಎನ್ ಬಿಟ್ಟುಹೋಗಿತ್ತು. ಹಾಗೆಯೇ ಬಿಟ್ಟರೆ ಯಾವನಾದರೂ ಓದಿದವನು ಹಿಡಿದುಬಿಡುತ್ತಾನೆ. ಹಿಡಿಯಲಿ ಎಂದು ಸುಮ್ಮನಿರಬಹುದಿತ್ತು, ಆದರೆ ಆಗ ಸಿಕ್ಕಿಬೀಳುವವನು ಚೆನ್ನಯ್ಯ. ಇದೆಲ್ಲ ಬೇಡ ಮಾರಾಯ, ನಿನ್ನ ಒಲೆಯನ್ನೇ ಒತ್ತು ಎಂದು ಹೇಳಬಹುದಿತ್ತು. ಬಾಯಿಯವರೆಗೂ ಬಂತು. ಆದರೆ ಒಲೆ ಒತ್ತಿದ ಕತ್ತಿಯನ್ನು ಕೊಳ್ಳುವವರು ಯಾರು? ಸೀಸದ ತುಂಡನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಓದಿದೆ.

ತಿದಿಯ ಹಿಂದೆ ಕೂತಿದ್ದ ಹೊನ್ನಮ್ಮ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿ ತೆರೆದಳು. ಧ್ವನಿ ಏರಿಸಲಿಲ್ಲ.

"ತಪ್ಪಿದ್ರೆ ತಿದ್ದಿ ಬರ್ಕೊಡಿ ರೈಟ್ರಪ್ಪ. ಸುಳ್ಳು ನಿಮಗೆ ಚೆನ್ನಾಗಿ ಬತ್ತದೆ."

ಬೂದಿಯ ಪಕ್ಕದಲ್ಲಿ ಬಿದ್ದಿದ್ದ ಒಂದು ಇದ್ದಿಲು ಎತ್ತಿಕೊಂಡೆ. ಸಾರಿಸಿದ ನೆಲದ ಮೇಲೆ, ಅವರ ಮೂರು ಕಲ್ಲಿನ ಒಲೆಯ ಎದುರಿಗೆ ಮಂಡಿಯೂರಿ, ಆ ಸಾಲನ್ನು ಮೊದಲಿನಿಂದ ಕೊನೆಯವರೆಗೆ ದೊಡ್ಡದಾಗಿ ಬರೆದೆ. ಎನ್ ಎಲ್ಲಿ ಬರಬೇಕು ಎಂದು ಚೆನ್ನಯ್ಯನಿಗೆ ಬೆರಳಿಟ್ಟು ತೋರಿಸಿದೆ. ನನ್ನ ಅಕ್ಷರ ಬಹಳ ದುಂಡಗಿದೆ ಎಂದು ಎಲ್ಲರೂ ಹೇಳುತ್ತಾರೆ, ಅವನೂ ಹಾಗೆಯೇ ಹೇಳಿದ.